ಗಂಗುಲಮ್ಮನ ಕೈಯ ಹದ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರನ್ನು ಗುರುತು ಹಿಡಿಯಲು ಮುಖ ನೋಡಬೇಕಾಗಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಕೈ ನೋಡಿದರೆ ಸಾಕು. ಬೆರಳ ತುದಿಗಳು ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ ಊದಿಕೊಂಡಿರುತ್ತವೆ, ಅಂಗೈಯ ಚರ್ಮ ಪದರ ಪದರವಾಗಿ ಎದ್ದಿರುತ್ತದೆ. ಎಷ್ಟು ಸೋಪು ಹಾಕಿ ತೊಳೆದರೂ ಬೆಂದ ಹುಳುವಿನ ವಾಸನೆ ಹೋಗುವುದಿಲ್ಲ. ಅಂಥ ಕೈಗಳಲ್ಲೆಲ್ಲ ಹೆಸರುವಾಸಿಯಾದದ್ದು ನಮ್ಮ ಪಕ್ಕದ ಮನೆಯ ಗಂಗುಲಮ್ಮನ ಕೈ. ಅವಳ ಮನೆಗೂ ನನ್ನ ಮನೆಗೂ ಇರುವುದು ಒಂದೇ ಗೋಡೆ. ನಾನು ಅನಸೂಯಮ್ಮ, ಅಂಗನವಾಡಿ ಟೀಚರು. ಬಾಯಿ ಸ್ವಲ್ಪ ಜೋರು ಎಂದು ಬೀದಿಯವರು ಹೇಳುತ್ತಾರೆ. ಮೂವತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮಲಗಿಸಿ ನೋಡಿ, ನಿಮ್ಮ ಬಾಯಿ ಎಷ್ಟು ಮೆತ್ತಗಿರುತ್ತದೆ ಎಂದು ಆಮೇಲೆ ಮಾತಾಡೋಣ.

ನೂಲು ಬಿಚ್ಚುವ ಕೆಲಸ ನೋಡದವರಿಗೆ ಒಂದು ಮಾತು. ರೇಷ್ಮೆ ಗೂಡನ್ನು ಬಾಂಡ್ಲಿಯ ಕುದಿಯುವ ನೀರಿಗೆ ಹಾಕಿದರೆ ಅದರ ಅಂಟು ಕರಗುತ್ತದೆ, ಎಳೆ ಸಡಿಲವಾಗುತ್ತದೆ. ಆ ನೀರೊಳಗೆ ಬೆರಳಾಡಿಸಿ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡಬೇಕು. ಹೊಸದಾಗಿ ಬಂದ ಹುಡುಗಿಯರು ಒಂದು ಬೆರಳು ಅದ್ದಿ ಅಯ್ಯಮ್ಮ ಎಂದು ಕಿತ್ತುಕೊಳ್ಳುತ್ತಾರೆ. ಅವರ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟಿರುತ್ತಾರೆ. ಬಿಸಿನೀರಿಗೆ ಒಂದು ಸಲ, ತಣ್ಣೀರಿಗೆ ಒಂದು ಸಲ, ಹೀಗೆ ಅದ್ದಿ ಅದ್ದಿ ಕೈ ಪಳಗುತ್ತದೆ. ಗಂಗುಲಮ್ಮನ ಪಕ್ಕದಲ್ಲಿ ತಣ್ಣೀರ ಬಟ್ಟಲು ಇರುತ್ತಿರಲಿಲ್ಲ. ಅದೇ ಅವಳ ಹೆಮ್ಮೆ. ನೂಲು ಬಿಚ್ಚುವ ಘಟಕದ ಮಾಲೀಕರು ನಯಾಜ್ ಸಾಬರು ಬಂದವರಿಗೆಲ್ಲ ಹೇಳುತ್ತಿದ್ದರು: "ಮಿಷಿನ್ನು ಯಾಕ್ರೀ ಬೇಕು? ಗಂಗುಲಮ್ಮ ಕೈ ಇಟ್ಟು ಸಾಕು ಅಂದ್ರೆ ಸಾಕು. ಇನ್ನೊಂಚೂರು ಉರಿ ಹಾಕಿ ಅಂದ್ರೆ ಉರಿ ಹಾಕ್ಬೇಕು." ಮನೆಯಲ್ಲೂ ಅಷ್ಟೇ. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಿದ್ದಳು. ನಾನು ಟೀ ಲೋಟವನ್ನು ಸೆರಗಲ್ಲಿ ಸುತ್ತಿಕೊಂಡು ಕುಡಿಯುವುದನ್ನು ನೋಡಿ, "ಏನಕ್ಕಾ, ರಾಜಕುಮಾರಿ ಕೈನಾ ನಿಂದು?" ಎಂದು ಗೇಲಿ ಮಾಡುತ್ತಿದ್ದಳು.

ಅವಳ ತವರು ಮುರುಗಮಲ್ಲದಿಂದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿ. ಮಾತು ಕನ್ನಡ, ಅಳು ತೆಲುಗು. ಗಂಡ ಆವುಲಪ್ಪ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು, ಮಗಳು ಸ್ಕೂಲಿಗೆ ಸೇರುವ ಮೊದಲೇ ಕಾಮಾಲೆಯಿಂದ ತೀರಿಕೊಂಡ. ಉಳಿದವಳು ಮಗಳು ಶಿರೀಷಾ ಒಬ್ಬಳೇ. ಅವಳ ಕೈಗೆ ಬಿಸಿನೀರು ಸೋಕಬಾರದು ಎಂದು ತಾಯಿ ಹಟ ಹಿಡಿದಳು. ಬೇಸಿಗೆ ರಜದಲ್ಲಿ ಬೀದಿಯ ಹುಡುಗಿಯರೆಲ್ಲ ಘಟಕಕ್ಕೆ ಹೋದರೆ ಶಿರೀಷಾ ನನ್ನ ಅಂಗನವಾಡಿಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಿದ್ದಳು. ಬಿ.ಕಾಂ. ಓದಿದಳು. ತಾಯಿಯ ಕೈ ಹಿಡಿದು ನೋಡಿ, "ಅಮ್ಮ, ಇದು ಕೈಯಾ ಕೊರಡಾ?" ಎಂದು ರೇಗಿಸುತ್ತಿದ್ದಳು. ನಗುವುದು, ನಗಿಸುವುದು ಬಿಟ್ಟರೆ ಆ ಹುಡುಗಿಗೆ ಬೇರೆ ಕೆಲಸವೇ ಇರಲಿಲ್ಲ.

ಕೊನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ಗೆಳತಿಯರ ಜೊತೆ ಅಂಬಾಜಿದುರ್ಗದ ಬೆಟ್ಟ ಹತ್ತಲು ಹೋದಳು. ಇಳಿಯುವಾಗ ಬಂಡೆಯ ಮೇಲೆ ಕಾಲು ಜಾರಿತು. ಬಿದ್ದದ್ದು ಎರಡಾಳು ಎತ್ತರದಿಂದ, ಅಷ್ಟೇ. ಮುಖಕ್ಕೆ ಒಂದು ಗೀರೂ ಆಗಿರಲಿಲ್ಲ. ಆದರೆ ಸೊಂಟದ ಹತ್ತಿರ ಬೆನ್ನುಹುರಿ ಜಜ್ಜಿ ಹೋಗಿತ್ತು. ಬೆಂಗಳೂರಿನ ಡಾಕ್ಟರು ಚಿತ್ರ ತೋರಿಸಿ ತಿಳಿಸಿ ಹೇಳಿದರು. ಕಾಲಿಗೆ ಶಕ್ತಿ ಬರುವುದಿಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ, ಇನ್ನು ಗಾಲಿಕುರ್ಚಿಯಲ್ಲಿ ಬದುಕುವುದನ್ನು ಕಲಿಸಿ ಎಂದರು. ನಾನು ಜೊತೆಯಲ್ಲಿದ್ದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತಲ್ಲ ಅದು, ನೇರವಾಗಿಯೇ ಹೇಳಿದರು. ಗಂಗುಲಮ್ಮ ತಲೆಯಾಡಿಸಿ ಹೊರಗೆ ಬಂದು, "ಅವ್ರಿಗೇನು ಗೊತ್ತಕ್ಕಾ" ಎಂದಳು.

ಶಿರೀಷಾ ಕಲಿತಳು. ಕುರ್ಚಿಯಿಂದ ಮಂಚಕ್ಕೆ ಜಾರುವುದನ್ನು ಕಲಿತಳು, ಮನೆಯಲ್ಲೇ ಕೂತು ಮೂರನೇ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿದಳು. ಕಲಿಯದವಳು ತಾಯಿ. ಪ್ರತಿದಿನ ಕೆಲಸದಿಂದ ಬಂದು ಮಗಳ ಕಾಲು ತೊಡೆಯ ಮೇಲಿಟ್ಟುಕೊಂಡು, ಅಂಗಾಲಿಗೆ ಪಿನ್ನು ಚುಚ್ಚಿ, "ಗೊತ್ತಾಯ್ತಾ? ಇಲ್ಲಿ? ಇಲ್ಲಿ?" ಎಂದು ಕೇಳುವಳು. ಇಲ್ಲ ಅಮ್ಮ, ಇಲ್ಲ ಅಮ್ಮ ಎಂದು ಹೇಳಿ ಹೇಳಿ ಹುಡುಗಿಗೆ ಸಾಕಾಗಿತ್ತು. ಮುರುಗಮಲ್ಲದ ದರ್ಗಾದಲ್ಲಿ ಮಗಳನ್ನು ನಲವತ್ತು ದಿನ ಇಟ್ಟುಕೊಂಡಿದ್ದಾಯಿತು. ಮಂಚೇನಹಳ್ಳಿಯ ಹತ್ತಿರ ಮೂಳೆ ಕಟ್ಟುವವನೊಬ್ಬ ಕೊಟ್ಟ ಎಣ್ಣೆ ಹಚ್ಚಿ ಕಾಲೆಲ್ಲ ಬೊಬ್ಬೆ ಎದ್ದದ್ದಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮಲ್ಲಿ ಕಡಿಮೆಯೇ? ಯಾರು ಏನು ಹೇಳಿದರೂ ಗಂಗುಲಮ್ಮ ಹೊರಟುಬಿಡುವಳು. ನಾನು ಬಯ್ಯುತ್ತಿದ್ದೆ. ಅವಳು ನನ್ನ ಮೇಲೆ ಸಿಟ್ಟಾಗುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಲೂ ಇರಲಿಲ್ಲ.

ಅವಳಿಗೆ ಅವಳದೇ ಒಂದು ಲೆಕ್ಕ ಇತ್ತು. ಒಂದು ದಿನ ನನ್ನ ಜಗಲಿಯಲ್ಲಿ ಕೂತು ಬಹಳ ಸಮಾಧಾನವಾಗಿ ಹೇಳಿದಳು: "ನರ ಅಂದ್ರೇನಕ್ಕಾ? ಎಳೆ. ಗೂಡಲ್ಲಿ ಎಳೆ ಎಲ್ಲಿಗೆ ಹೋಗಿರ್ತೈತೆ? ಒಳಗೇ ಇರ್ತೈತೆ. ಅಂಟು ಹಿಡ್ದಿರ್ತೈತೆ, ಅದ್ಕೆ ತುದಿ ಸಿಗಲ್ಲ. ಬಿಸಿನೀರು ಬಿದ್ರೆ ತಾನೇ ಬಿಡ್ತೈತೆ. ನನ್ ಮಗಳಿಗೂ ಎಳೆ ಒಳಗೇ ಐತೆ ಕಣಕ್ಕಾ. ಸರಿಯಾದ ಬಿಸಿ ಬಿದ್ದಿಲ್ಲ, ಅಷ್ಟೇ."

ನೂಲಿನ ವಿಷಯ ಅವಳಿಗೆ ಗೊತ್ತಿತ್ತು, ನರದ ವಿಷಯ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ಬಂತು ಆ ವೀಡಿಯೋ. ಘಟಕದ ಹುಡುಗಿಯೊಬ್ಬಳ ಫೋನಿನಲ್ಲಿ ನೋಡಿದಳಂತೆ. ಹಿಮಾಲಯದಲ್ಲಿ, ಬದರಿಗೆ ಹೋಗುವ ದಾರಿಯಲ್ಲಿ, ಬೆಟ್ಟದ ಬಂಡೆಯಿಂದ ತಾನಾಗಿ ಬಿಸಿನೀರು ಬರುವ ಕೊಳ. ಸುತ್ತ ಹಿಮ, ನಡುವೆ ಹೊಗೆಯಾಡುವ ನೀರು. ಅದರಲ್ಲಿ ಕಾಲಿಟ್ಟು ಕೂತ ಒಬ್ಬ ಹೆಂಗಸು ಕೋಲು ಬಿಸಾಕಿ ನಡೆದುಹೋಗುತ್ತಾಳೆ. ಶಿರೀಷಾ ನೋಡಿ, "ಅಮ್ಮ, ಇದು ಫೇಕು. ಕಟ್ ಮಾಡಿ ಜೋಡ್ಸಿದಾರೆ, ನೋಡಿಲ್ಲಿ, ಸೀರೆ ಬಣ್ಣಾನೇ ಬೇರೆ" ಎಂದಳು. ಗಂಗುಲಮ್ಮನಿಗೆ ಸೀರೆಯ ಬಣ್ಣ ಕಾಣಲಿಲ್ಲ. ಬಿಸಿನೀರು ಕಂಡಿತು. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರಲ್ಲ, ಇವಳಿಗೆ ಕಂಡದ್ದು ಹುಲ್ಲುಕಡ್ಡಿಯಲ್ಲ, ತನ್ನ ಜನ್ಮದ ಕಸುಬು. ಊರಿನ ಬಾಂಡ್ಲಿಯಲ್ಲಿ ಬಿಡದ ಅಂಟು ದೇವರ ಬಾಂಡ್ಲಿಯಲ್ಲಿ ಬಿಡುತ್ತದೆ ಎಂದು ಅವಳು ನಂಬಿಬಿಟ್ಟಳು.

ಚಿಂತಾಮಣಿಯ ಮೋಹನ್‌ಬಾಬು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬದರಿಗೆ ಜನ ಕರೆದುಕೊಂಡು ಹೋಗುತ್ತಾರೆ. ಅಡುಗೆಯವರು, ಅಕ್ಕಿ, ಹುಣಸೆಹಣ್ಣು, ಉಪ್ಪಿನಕಾಯಿ ಎಲ್ಲ ಇಲ್ಲಿಂದಲೇ. ಖರ್ಚನ್ನು ನಯಾಜ್ ಸಾಬರು ನೋಡಿಕೊಂಡರು. ಹುಡುಗಿಯನ್ನು ಎತ್ತಿ ಇಳಿಸಲು ಇಬ್ಬರು ಬೇಕು, ಹಾಗಾಗಿ ನಾನೂ ಹೊರಟೆ. ಹೊರಡುವ ಮುಂಚೆ ಶಿರೀಷಾ ತಾಯಿಯಿಂದ ಭಾಷೆ ತೆಗೆದುಕೊಂಡಳು: "ಇದೇ ಲಾಸ್ಟು ಅಮ್ಮ. ಇದಾದ್ಮೇಲೆ ಪಿನ್ನೂ ಇಲ್ಲ, ಎಣ್ಣೇನೂ ಇಲ್ಲ, ಯಾವ ದೇವ್ರೂ ಇಲ್ಲ. ನಾನು ಹಿಂಗೇ ಇರ್ತೀನಿ. ನೀನೂ ನನ್ನ ಹಿಂಗೇ ನೋಡ್ಬೇಕು." ಗಂಗುಲಮ್ಮ ಮಗಳ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಳು. ಹಾಗೆ ಸುಲಭವಾಗಿ ಕೊಟ್ಟಿದ್ದೇ ನನಗೆ ಹಿಡಿಸಲಿಲ್ಲ.

ಹರಿದ್ವಾರದವರೆಗೆ ರೈಲು, ಅಲ್ಲಿಂದ ವ್ಯಾನು. ಬೆಟ್ಟದ ದಾರಿ ಎಂದರೆ ನಾನು ನಂದಿಬೆಟ್ಟ ಅಂದುಕೊಂಡಿದ್ದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ, ಬಹಳ ಕೆಳಗೆ ಹೊಳೆ. ನನಗೆ ವಾಂತಿ. ಶಿರೀಷಾ ಮಾತ್ರ ಕಿಟಕಿಗೆ ಮುಖ ಒತ್ತಿ ಹಿಮ ಕಂಡಾಗಲೆಲ್ಲ ಕೂಗುತ್ತಿದ್ದಳು, ಎಲ್ಲರಿಗೂ ಫೋಟೋ ತೆಗೆದುಕೊಡುತ್ತಿದ್ದಳು. ಬಿದ್ದ ಮೇಲೆ ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಕಂಡದ್ದು ಆ ವ್ಯಾನಿನಲ್ಲೇ. ಗಂಗುಲಮ್ಮ ಅವಳ ಪಕ್ಕ ಕೂತು ಕೆಳಗಿನ ಹೊಳೆಯನ್ನೇ ನೋಡುತ್ತಿದ್ದಳು. ಒಂದು ತಿರುವಿನಲ್ಲಿ, ಬಸ್ಸಿನ ಟೈಮು ಹೇಳುವ ಹಾಗೆ ಹೇಳಿದಳು: "ಅಲ್ಲೂ ಆಗ್ಲಿಲ್ಲ ಅಂದ್ರೆ ವಾಪಸ್ ಹೋಗದು ಬೇಡ. ಇಬ್ರೂ ಈ ಹೊಳೇಗೇ ಹೋಗಣ. ನಾನು ಸತ್ಮೇಲೆ ನಿನ್ನ ಯಾರ ಕೈಗೆ ಕೊಟ್ಟು ಹೋಗ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. "ಬಾಯಲ್ಲಿ ಒಳ್ಳೇ ಮಾತು ಬರಲ್ವೇನೇ ನಿಂಗೆ? ಸಾಯಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಶಿಡ್ಲಘಟ್ಟದಲ್ಲಿ ಬಾವಿ ಇರ್ಲಿಲ್ವಾ?" ಎಂದು ರೇಗಿದೆ. ಹಿಂದೆ ಕೂತವರು ನಕ್ಕರು. ಗಂಗುಲಮ್ಮ ನಗಲಿಲ್ಲ. ಶಿರೀಷಾ ತಾಯಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಫೋನು ಚೀಲದೊಳಗೆ ಇಟ್ಟಳು. ಆಮೇಲೆ ಅವಳು ಫೋಟೋ ತೆಗೆಯಲಿಲ್ಲ.

ಆ ಕೊಳ ಇದ್ದದ್ದು ದೊಡ್ಡ ರಸ್ತೆಯಿಂದ ಸ್ವಲ್ಪ ಮೇಲೆ, ಒಂದು ಸಣ್ಣ ಊರಲ್ಲಿ. ಊರಿನ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ತಿರುಗುವುದಿಲ್ಲ. ಮೋಹನ್‌ಬಾಬು, "ಅಡಿಗೆ ಆಗೋವರ್ಗೂ ಟೈಮು, ಆಮೇಲೆ ವ್ಯಾನು ಯಾರಿಗೂ ಕಾಯಲ್ಲ" ಎಂದರು. ಗಾಲಿಕುರ್ಚಿ ಹೋಗುವ ದಾರಿಯಲ್ಲ. ಡ್ರೈವರು, ನಾನು, ಗಂಗುಲಮ್ಮ ಸೇರಿ ಹುಡುಗಿಯನ್ನು ಹೊತ್ತುಕೊಂಡೇ ಹತ್ತಿದೆವು. ಅಲ್ಲಿ ಎರಡು ತೊಟ್ಟಿಗಳಿದ್ದವು. ಮೇಲಿನದು ಚಿಕ್ಕದು, ಬಂಡೆಯ ಬಿರುಕಿನಿಂದ ನೀರು ನೇರವಾಗಿ ಅದಕ್ಕೆ ಬಂದು ಬೀಳುತ್ತಿತ್ತು. ಅದು ತುಂಬಿ ಕೆಳಗಿನ ದೊಡ್ಡ ತೊಟ್ಟಿಗೆ ಹರಿಯುತ್ತಿತ್ತು. ಆ ದೊಡ್ಡದಕ್ಕೆ ಪಕ್ಕದ ಹಳ್ಳದಿಂದ ಒಂದು ಪೈಪಿನಲ್ಲಿ ತಣ್ಣೀರೂ ಬಿಟ್ಟಿದ್ದರು. ಜನ ಸ್ನಾನ ಮಾಡುತ್ತಿದ್ದದ್ದು ಅದರಲ್ಲೇ. ಮೇಲಿನದರ ಹತ್ತಿರ ಯಾರೂ ಇರಲಿಲ್ಲ. ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿದ ಮೇಲೆ ನೋಡಿದರೆ ಒಣಬಟ್ಟೆಯ ಚೀಲ ವ್ಯಾನಿನಲ್ಲೇ ಉಳಿದಿತ್ತು. ಡ್ರೈವರು ಇಳಿದುಹೋದ, ಅವನ ಹಿಂದೆಯೇ ನಾನೂ ಇಳಿದೆ.

ನಾನಿಲ್ಲದಾಗ ನಡೆದದ್ದನ್ನು ಆಮೇಲೆ ಶಿರೀಷಾ ಹೇಳಿದಳು. ಗಂಗುಲಮ್ಮ ದೊಡ್ಡ ತೊಟ್ಟಿಗೆ ಕೈಯಿಟ್ಟು, ತಣ್ಣೀರ ಪೈಪಿನ ಕಡೆ ನೋಡಿ, "ಇದ್ಯಾವ ಬಿಸಿ, ತಣ್ಣೀರು ಬೆರೆಸಿ ಕೆಡ್ಸವ್ರೆ" ಎಂದಳಂತೆ. ಮೇಲಿನ ತೊಟ್ಟಿಗೆ ಹೋಗಿ ಮಣಿಕಟ್ಟಿನವರೆಗೆ ಕೈ ಇಳಿಬಿಟ್ಟು, ಕಣ್ಣು ಮುಚ್ಚಿ, ಘಟಕದಲ್ಲಿ ಮಾಡುವ ಹಾಗೆಯೇ ಬೆರಳಾಡಿಸಿ, "ಇದು ಸರಿ. ಹದವಾಗೈತೆ" ಎಂದಳಂತೆ. ಉಣ್ಣೆ ಟೋಪಿ ಹಾಕಿಕೊಂಡ ಅಲ್ಲಿಯ ಮುದುಕನೊಬ್ಬ ಓಡಿಬಂದು ಹಿಂದಿಯಲ್ಲಿ ಏನೋ ಕೂಗಿ, ಕೆಳಗಿನ ತೊಟ್ಟಿಯ ಕಡೆ ಕೈ ತೋರಿಸಿದನಂತೆ. ಇವಳು ನಕ್ಕು, ತನ್ನ ಕೈಯನ್ನು ನೀರಿನಿಂದ ತೆಗೆದು ಅವನ ಮುಖದ ಮುಂದೆ ಹಿಡಿದು ತೋರಿಸಿ, ಮತ್ತೆ ನೀರಲ್ಲಿಟ್ಟು, ಮತ್ತೆ ತೋರಿಸಿದಳಂತೆ. ನೋಡು, ಏನೂ ಆಗಲ್ಲ ಎಂದು. ಕೈಯನ್ನು ಅಷ್ಟು ಹೊತ್ತು ಅದ್ದಿಟ್ಟವಳನ್ನು ನೋಡಿ ಮುದುಕ ತಲೆ ಕೆರೆದುಕೊಂಡು ಹೋದ. ಆಮೇಲೆ ತಾಯಿ ತಾನು ಒಣ ಕಟ್ಟೆಯ ಮೇಲೆ ಕೂತು, ಮಗಳ ಎರಡು ಕಾಲನ್ನೂ ಆ ನೀರಿಗೆ ಇಳಿಸಿ, ಮೀನಖಂಡ ಹಿಡಿದು ಕೂತಳು.

ನಾನು ಚೀಲ ಹೊತ್ತು, ಏದುಸಿರು ಬಿಡುತ್ತಾ ಅರ್ಧ ದಾರಿ ಹತ್ತಿದ್ದೆ. ಮೇಲಿಂದ ಗಂಗುಲಮ್ಮನ ಕೂಗು ಕೇಳಿಸಿತು. "ಅಕ್ಕಾ! ಬಂತಕ್ಕಾ! ಬಂತು! ನಾ ತಲ್ಲೀ, ನಾ ಬಂಗಾರು ತಲ್ಲೀ!" ಬಂಗಾರದಂಥ ತಾಯೀ ಎಂದು ತೆಲುಗಿನಲ್ಲಿ ಮಗಳನ್ನು ಕರೆಯುತ್ತಿದ್ದಳು. ನಾನು ಉಳಿದ ದಾರಿಯನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಹೋಗಿ ನೋಡಿದರೆ ಅವಳು ನಗುತ್ತಾ ಅಳುತ್ತಾ ಮಗಳ ಮೊಣಕಾಲಿಗೆ ಮುತ್ತಿಡುತ್ತಿದ್ದಳು. "ಬಿಸಿ ಗೊತ್ತಾಗ್ತಾ ಐತಂತೆ ಅಕ್ಕಾ. ನಾನು ಹೇಳಿರ್ಲಿಲ್ವಾ? ಎಳೆ ಒಳಗೇ ಐತೆ ಅಂತ ಹೇಳಿರ್ಲಿಲ್ವಾ?"

"ನಿಜವೇನೇ ಶಿರೀಷಾ?" ಎಂದೆ.

"ಹೂಂ ಆಂಟಿ. ಗೊತ್ತಾಗ್ತೈತೆ. ಜುಂ ಅಂತೈತೆ" ಎಂದಳು. ನನ್ನ ಕಡೆ ನೋಡಲಿಲ್ಲ, ತಾಯಿಯ ಮುಖ ನೋಡುತ್ತಲೇ ಹೇಳಿದಳು.

ದೇವರು ದಿಂಡರೆಂದರೆ ಮೂಗು ಮುರಿಯುವ ನಾನು, ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ಗಳಗಳ ಅತ್ತುಬಿಟ್ಟೆ. ಗೊತ್ತಿದ್ದ ದೇವರಿಗೆಲ್ಲ ಕೈ ಮುಗಿದೆ. ಮುರುಗಮಲ್ಲದ ದರ್ಗಾಕ್ಕೂ ಮುಗಿದೆ. ಕಣ್ಣೀರು ಮೂಗಿನ ನೀರು ಸೇರಿ ಮುಖವೆಲ್ಲ ಒದ್ದೆ. ತೊಳೆದುಕೊಳ್ಳೋಣ ಎಂದು ಬಗ್ಗಿ ಆ ತೊಟ್ಟಿಗೆ ಬೊಗಸೆ ಹಾಕಿದೆ.

ಕೈ ಕಿತ್ತುಕೊಂಡ ರಭಸಕ್ಕೆ ನಾನು ಹಿಂದಕ್ಕೆ ಬಿದ್ದೆ. "ತೆಗಿಯೇ! ಕಾಲು ತೆಗಿಯೇ ಗಂಗೀ, ತೆಗಿ!" ಎಂದು ಕಿರುಚಿದೆ. ಅವಳಿಗೆ ಅರ್ಥವಾಗಲಿಲ್ಲ. "ಇರಕ್ಕಾ, ಈಗ್ ತಾನೇ ಬಿಡ್ತಾ ಐತೆ, ಇನ್ನೊಂಚೂರು" ಎಂದು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಹುಡುಗಿಯ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದೆ. ತಾಯಿ ಕೆಳಗೆ ಹಿಡಿದಿದ್ದಳು, ನಾನು ಮೇಲೆ ಎಳೆಯುತ್ತಿದ್ದೆ. ಕಾಲು ಹೊರಗೆ ಬಂತು. ಮೊಣಕಾಲ ಕೆಳಗೆ ಕೆಂಪಾಗಿತ್ತು. ಗಂಗುಲಮ್ಮ ಹಿಡಿದಿದ್ದ ಜಾಗದ ಚರ್ಮ ಗಂಗುಲಮ್ಮನ ಕೈಯಲ್ಲೇ ಉಳಿಯಿತು.

ಅವಳು ಅದನ್ನು ನೋಡಿದಳು. ಬೆಂದ ಗೂಡಿನ ಮೇಲಿನ ಜಾಳು ಪೊರೆಯನ್ನು ದಿನವೂ ಬಿಡಿಸುವವಳು, ಅದು ಏನೆಂದು ಅವಳಿಗೆ ನನಗಿಂತ ಮೊದಲು ತಿಳಿಯಿತು. ಶಿರೀಷಾ, "ಏನಾಯ್ತು? ಯಾಕೆ ಹಂಗ್ ನೋಡ್ತೀರಾ?" ಎಂದು ಕೇಳುತ್ತಿದ್ದಳು. ಅವಳಿಗೆ ನೋವಾಗಿರಲೇ ಇಲ್ಲ.

ಆಮೇಲಿನದು ಆಸ್ಪತ್ರೆಗಳ ಕಥೆ. ಬೆಟ್ಟದ ಕೆಳಗಿನ ಊರಲ್ಲಿ ಒಂದು, ಅದಕ್ಕೂ ಕೆಳಗೆ ಒಂದು, ಕೊನೆಗೆ ಬೆಂಗಳೂರು. ಬದರಿಗೆ ಹೋದವರು ಹೋದರು, ನಾವು ತಿರುಗಿ ಬಂದೆವು. ಜೀವ ಇಲ್ಲದ ಕಾಲಿಗೆ ಗಾಯ ಮಾಯುವುದು ನಿಧಾನವಂತೆ. ಬಲಗಾಲಿಗೆ ತೊಡೆಯ ಚರ್ಮ ಕಿತ್ತು ಹಾಕಿದರು, ಹಿಡಿಯಿತು. ಎಡಗಾಲಿಗೆ ನಂಜೇರಿತು. ಮೊಣಕಾಲ ಕೆಳಗೆ ತೆಗೆದರು.

ಬೆಂಗಳೂರಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ನೀರು ಮುಟ್ಟಿ ನೋಡಿದವರು ಯಾರು ಎಂದು ಕೇಳಿದರು. ಗಂಗುಲಮ್ಮ ಕೈ ಮುಂದೆ ಮಾಡಿದಳು. ಅವಳ ಅಂಗೈಯಲ್ಲೂ ಬೊಬ್ಬೆ ಎದ್ದು ಒಡೆದಿದ್ದವು. ಇಷ್ಟು ದಿನ ಅವಳೂ ಹೇಳಿರಲಿಲ್ಲ, ನಾವೂ ನೋಡಿರಲಿಲ್ಲ. ಡಾಕ್ಟರು ಅವಳ ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿ ತಾಗಿಸಿದರು, ಬಿಸಿನೀರು ತುಂಬಿದ ಗಾಜಿನ ಕೊಳವೆ ಒಂದು ಸಲ, ತಣ್ಣೀರಿನದು ಒಂದು ಸಲ ಇಟ್ಟರು. "ಯಾವುದಮ್ಮ ಬಿಸಿ?" ಅವಳು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು. "ಇನ್ನೂ ಇಟ್ಟಿಲ್ವಲ್ಲ ಸಾರ್" ಎಂದಳು.

"ಎಷ್ಟು ವರ್ಷದಿಂದ ಹೀಗೆ?" ಎಂದರು ಡಾಕ್ಟರು.

"ಎಂಗೆ ಸಾರ್?" ಎಂದು ಕೇಳಿದಳು ಗಂಗುಲಮ್ಮ.

ಅವಳಿಗೆ ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ. ಘಟಕದಲ್ಲಿ ನೀರಿನ ಹದವನ್ನು ಅವಳಿಗೆ ಹೇಳುತ್ತಿದ್ದದ್ದು ಗುಳ್ಳೆ, ಹಬೆ, ಬಾಂಡ್ಲಿಯ ಸದ್ದು. ಕೈ ಹೇಳುತ್ತಿದೆ ಎಂದು ಅವಳೂ ಅಂದುಕೊಂಡಿದ್ದಳು, ನಾವೆಲ್ಲ ಅಂದುಕೊಂಡಿದ್ದೆವು. ಆ ಬೆಟ್ಟದ ಕೊಳದಲ್ಲಿ ಗುಳ್ಳೆಯಿಲ್ಲ, ಸದ್ದಿಲ್ಲ, ಚಳಿಗೆ ಎರಡು ತೊಟ್ಟಿಯಿಂದಲೂ ಒಂದೇ ತರಹ ಹಬೆ ಏಳುತ್ತಿತ್ತು. ಅಲ್ಲಿ ಅವಳಿಗೆ ಇದ್ದದ್ದು ಕೈ ಒಂದೇ. ಬಿಸಿ ತಡೆಯುವ ಕೈ ಎಂದು ಊರೆಲ್ಲ ಹೊಗಳಿತು. ತಡೆಯುವುದಕ್ಕೆ ಮೊದಲು ಬಿಸಿ ಎಂದು ತಿಳಿಯಬೇಕಲ್ಲ? ಆ ಹೊಗಳಿಕೆ ನೆನೆದರೆ ನನಗೆ ಈಗಲೂ ಯಾರ ಮೇಲಾದರೂ ಹರಿಹಾಯಬೇಕು ಅನ್ನಿಸುತ್ತದೆ.

ಅದೇ ಸಂಜೆ ವಾರ್ಡಿನಲ್ಲಿ ಗಂಗುಲಮ್ಮ ಮಗಳ ಮಂಚದ ಪಕ್ಕ ನಿಂತು ಕೇಳಿದಳು. ನಾನು ಹಣ್ಣು ಹೆಚ್ಚುತ್ತಿದ್ದೆ.

"ನಂಗೆ ಕೈ ಇಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ. ಆದ್ರೆ ನೀನು ಬಿಸಿ ಗೊತ್ತಾಗ್ತೈತೆ ಅಂದ್ಯಲ್ಲೇ."

"ಅಂದೆ."

"ಸುಳ್ಳಾ?"

ಶಿರೀಷಾ ಹೇಳಿದಳು: "ನೀನು ಹೊಳೆ ನೋಡ್ತಿದ್ದೆ ಅಮ್ಮ. ಇಲ್ಲ ಅಂದ್ರೆ ನೀನು ಹೋಗ್ಬಿಡ್ತೀಯ ಅಂತ ಭಯ ಆಯ್ತು. ನೀರು ಹದವಾಗೈತೆ ಅಂತ ನೀನೇ ಅಂದ್ಯಲ್ಲ, ಒಂದು ಸುಳ್ಳು ಹೇಳಿದ್ರೆ ಏನಾಗುತ್ತೆ ಅಂದ್ಕೊಂಡೆ."

ಗಂಗುಲಮ್ಮ ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ, ಬಯ್ದಾದರೂ ಮಾಡುತ್ತಿದ್ದೆ. ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡು ಹೊರಗೆ ಹೋಗಿ ವೆರಾಂಡದಲ್ಲಿ ಕೂತಳು.

ಊರಿಗೆ ಬಂದ ಮೇಲೆ ಅವಳು ಘಟಕಕ್ಕೆ ಮತ್ತೆ ಹೋದಳು. ಬೇರೆ ಕೆಲಸ ಯಾವುದಿದೆ? ಈಗ ಅವಳ ಪಕ್ಕದಲ್ಲಿ ನಯಾಜ್ ಸಾಬರೇ ತಣ್ಣೀರ ಬಟ್ಟಲು ಇಡಿಸಿದ್ದಾರೆ. ಅದಕ್ಕೆ ಅವಳು ಕೈ ಅದ್ದುತ್ತಾಳೆ, ಯಾಕೆ ಅದ್ದಬೇಕೆಂದು ಅವಳ ಕೈಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಅವಳು ಮಗಳನ್ನು ಮುಟ್ಟುವುದನ್ನೇ ಬಿಟ್ಟಳು. ಅನ್ನದ ತಟ್ಟೆಯನ್ನು ಪಕ್ಕದಲ್ಲಿಟ್ಟು ದೂರ ಸರಿಯುವಳು. ಬ್ಯಾಂಡೇಜು ಬದಲಿಸುವುದು, ಮೈ ಒರೆಸುವುದು, ತಲೆಗೆ ನೀರು ಹಾಕುವುದು ಎಲ್ಲ ನನ್ನ ಪಾಲಿಗೆ ಬಂತು. ನನಗೇನೂ ಕಷ್ಟವಿಲ್ಲ, ಮಕ್ಕಳನ್ನು ತೊಳೆಯುವುದೇ ನನ್ನ ಕೆಲಸ. ಆದರೆ ಪಕ್ಕದ ಕೋಣೆಯಲ್ಲಿ ತಾಯಿ ಕೂತಿರುವಾಗ ಬೇರೆಯವಳ ಕೈಯಲ್ಲಿ ನೀರು ಹಾಕಿಸಿಕೊಳ್ಳುವ ಆ ಹುಡುಗಿಯ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

"ಆಂಟಿ, ಒಂದು ಕಾಲು ಹೋಗಿದ್ದು ನಂಗೇನೂ ಅನ್ನಿಸ್ತಿಲ್ಲ. ಇದ್ದಾಗ್ಲೂ ಅದು ನಂದು ಅಂತ ಅನ್ನಿಸ್ತಿರ್ಲಿಲ್ಲ. ಅಮ್ಮ ಬೇಕು ಆಂಟಿ ನಂಗೆ" ಎಂದಳು ಒಂದು ದಿನ. ನಾನು ಹೋಗಿ ಗಂಗುಲಮ್ಮನ ಮುಂದೆ ಕೂಗಾಡಿದೆ. ಅವಳು ಗೋಡೆ ನೋಡುತ್ತಾ ಕೂತಿದ್ದಳು. "ನನ್ ಕೈ ಅವ್ಳ ಮೇಲೆ ಬೀಳೋದು ಬೇಡಕ್ಕಾ" ಎಂದಳು, ಅಷ್ಟೇ.

ದೀಪಾವಳಿ ಬಂತು. ನರಕ ಚತುರ್ದಶಿಯ ಬೆಳಗ್ಗೆ ತಾಯಿಯೇ ಮಕ್ಕಳ ತಲೆಗೆ ಎಣ್ಣೆ ಒತ್ತಿ ನೀರು ಹಾಕಬೇಕು, ಅದು ಯಾವ ಮನೆಯಲ್ಲೂ ತಪ್ಪುವ ಪದ್ಧತಿಯಲ್ಲ. ಶಿರೀಷಾ ಹಿಂದಿನ ದಿನದಿಂದಲೇ ಹಟ ಹಿಡಿದಿದ್ದಳು. ನೀನು ಹಾಕದಿದ್ದರೆ ನಾನು ಸ್ನಾನವನ್ನೇ ಮಾಡುವುದಿಲ್ಲ, ಹಬ್ಬದ ದಿನ ಹೀಗೇ ಕೂತಿರುತ್ತೇನೆ ಎಂದು. "ತಲೆಗೆ ಹಾಕು ಅಮ್ಮ. ಹೆಗಲಿಗೆ ಹಾಕು. ಅಲ್ಲೆಲ್ಲ ನಂಗೆ ಗೊತ್ತಾಗುತ್ತಲ್ಲ. ಬಿಸಿ ಆದ್ರೆ ನಾನೇ ಹೇಳ್ತೀನಿ." ಕೊನೆಗೆ ಗಂಗುಲಮ್ಮ ಹೂಂ ಎಂದಳು. ಕೇಳಿ ನನಗೆ ಸಂತೋಷವಾಯಿತು. ಬೇಕೆಂದೇ ನಾನು ಬೆಳಗ್ಗೆ ಅವರ ಮನೆಗೆ ಹೋಗಲಿಲ್ಲ, ತಾಯಿ ಮಗಳು ಇಬ್ಬರೇ ಇರಲಿ ಎಂದು.

ಆ ವರ್ಷ ಚಳಿ ಬೇಗ ಬಂದಿತ್ತು. ಬೀದಿಯಲ್ಲಿ ಹುಡುಗರು ಪಟಾಕಿ ಹೊಡೆದು ಮುಗಿಸಿದರು, ಬೆಳಕು ಹರಿಯಿತು, ನಾನು ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿ ಕಜ್ಜಾಯ ತೆಗೆದಿಟ್ಟೆ. ಗೋಡೆಯಾಚೆ ಬಚ್ಚಲಿನಲ್ಲಿ ಚೊಂಬಿನ ಸದ್ದು ಇನ್ನೂ ನಿಂತಿರಲಿಲ್ಲ. ಇಷ್ಟು ಹೊತ್ತು ಏನು ಸ್ನಾನ ಎಂದು ತಟ್ಟೆಯಲ್ಲಿ ನಾಲ್ಕು ಕಜ್ಜಾಯ ಹಾಕಿಕೊಂಡು ಹೋದೆ.

ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಶಿರೀಷಾ ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಂಡೆಯ ಒಲೆ ಆರಿಹೋಗಿತ್ತು. ಗಂಗುಲಮ್ಮ ಬಕೆಟ್ಟಿಗೆ ಒಂದು ಬಿಂದಿಗೆ ತೊಟ್ಟಿಯ ತಣ್ಣೀರು ಸುರಿದಳು, ಒಂದು ಚೊಂಬು ಮೊಗೆದು ಮಗಳ ತಲೆಗೆ ಹಾಕಿದಳು, ಬಗ್ಗಿ ಅವಳ ಮುಖ ನೋಡಿ ಕೇಳಿದಳು.

"ಎಂಗೈತೆ? ಬಿಸಿ ಐತಾ?"

"ಇಲ್ಲ ಅಮ್ಮ. ಹದವಾಗೈತೆ."

"ನಿಜ ಹೇಳು."

"ನಿಜವಾಗ್ಲೂ. ಚೆನ್ನಾಗೈತೆ."

"ಅವತ್ತೂ ಹಿಂಗೇ ಅಂದೆ" ಎಂದಳು ಗಂಗುಲಮ್ಮ. ಮತ್ತೊಂದು ಬಿಂದಿಗೆ ತಣ್ಣೀರು ಸುರಿದಳು. ಮತ್ತೆ ಒಂದು ಚೊಂಬು ಹಾಕಿದಳು, ಮತ್ತೆ ಕೇಳಿದಳು.

ಹುಡುಗಿಯ ತುಟಿ ನೀಲಿಗಟ್ಟಿತ್ತು. ಹಲ್ಲು ಕಟಕಟ ಎನ್ನುತ್ತಿದ್ದವು, ಹೆಗಲು ನಡುಗುತ್ತಿತ್ತು. ಆ ನಡುಗುವ ಬಾಯಲ್ಲೇ ನಗಲು ನೋಡುತ್ತಾ, "ಹದವಾಗೈತೆ ಅಮ್ಮ" ಎಂದಳು. ಸಾಕು ಎಂದರೆ ತಾಯಿ ಮತ್ತೆ ಎದ್ದು ಹೋಗಿಬಿಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

ನಾನು ತಟ್ಟೆ ಕೆಳಗಿಟ್ಟು ಬಕೆಟ್ಟಿಗೆ ಕೈಯಿಟ್ಟೆ. ನೀರು ಕೊರೆಯುತ್ತಿತ್ತು. ಗಂಗುಲಮ್ಮನ ಕೈಯಿಂದ ಚೊಂಬು ಕಿತ್ತುಕೊಳ್ಳಲು ಹೋದೆ. ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು, ಇನ್ನೊಂದು ಕೈ ಆಗಲೇ ತಣ್ಣೀರ ಬಿಂದಿಗೆಯ ಕಡೆ ಹೋಗಿತ್ತು.

"ಯಾಕಕ್ಕಾ," ಎಂದಳು, "ಇನ್ನೂ ಬಿಸಿ ಐತಾ?"